ಮಾವನ ಕಂಪ್ಯೂಟರ್ ಸುಳ್ಳು ಹೇಳಿತೇ?

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನನ್ನ ತಂಗಿಯ ಮಗಳು ಸಿಂಚನ ಊರಿಗೆ ಬಂದಿದ್ದಳು. ಏಳನೆಯ ತರಗತಿ. ನಮ್ಮ ತೋಟದಲ್ಲಿ ಆಗ ಅಡಿಕೆ ಕೊಯ್ಲು. ಮರದ ತುದಿಯಲ್ಲಿ ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ಯುತ್ತಿದ್ದ ಕೊನೆಗೌಡರ ಫೋಟೊಗಳನ್ನು ಅವಳು ತೆಗೆದದ್ದೇ ತೆಗೆದದ್ದು. ಶಾಲೆಯಲ್ಲಿ ‘ನಮ್ಮೂರ ಬೆಳೆ’ ಎಂದು ಮಾತಾಡಬೇಕಿತ್ತಂತೆ. ಭಾನುವಾರ ಸಂಜೆ ಬಸ್ಸಿಗೆ ಹೊತ್ತಾಗಿತ್ತು. ನನ್ನ ಹಳೆಯ ಕಂಪ್ಯೂಟರಿನಿಂದ ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡಳು. ಪರದೆಯ ಮೇಲಿನ ಹಸಿರು ಪಟ್ಟಿ ತುಂಬಿ ಮಾಯವಾದದ್ದೇ ತಡ, ಪೆನ್‌ಡ್ರೈವ್ ಕಿತ್ತು ಚೀಲಕ್ಕೆ ಹಾಕಿ ಓಡಿದಳು.

ಮರುದಿನ ಸಂಜೆ ಫೋನು ಬಂತು.

“ಮಾವ, ನಿನ್ನ ಕಂಪ್ಯೂಟರ್ ಸುಳ್ಳು ಹೇಳತ್ತೆ!”

“ಯಾಕೇ, ಏನಾಯ್ತು?”

“ಕಾಪಿ ಆಯ್ತು ಅಂತ ಅದೇ ಹೇಳ್ತು. ಶಾಲೇಲಿ ಹಾಕಿ ನೋಡಿದ್ರೆ ಕೊನೇ ಹತ್ತು ಫೋಟೊ ತೆರೀಲೇ ಇಲ್ಲ. ಒಂದರಲ್ಲಿ ಕೊನೆಗೌಡರ ತಲೆ ಇದೆ, ಕಾಲೇ ಇಲ್ಲ. ಎಲ್ರೂ ನಕ್ರು.”

ಅವಳ ದನಿಯಲ್ಲಿ ಅಳು ಇತ್ತು. “ಸುಳ್ಳು ಹೇಳಿದ್ದು ಹೌದೋ ಅಲ್ವೋ ಅಂತ ಅದನ್ನೇ ಕೇಳೋಣ, ಕ್ರಿಸ್‌ಮಸ್ ರಜಕ್ಕೆ ಬಾ” ಎಂದೆ. ಬಂದಳು. ಎರಡು ದಿನ ಇಬ್ಬರೂ ಕೂತು ವಿಚಾರಣೆ ಮಾಡಿದೆವು. ಆ ಎರಡು ದಿನದ ಮಾತುಕತೆಯೇ ಈ ಬರಹ.

ಕರಟದೊಳಗಿನ ತಿರುಳು

ನನ್ನ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಎಂಬ ವ್ಯವಸ್ಥೆ. ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನ ಒಳಗೂ ಇದರದ್ದೇ ತಿರುಳು ಇದೆ. ತಿರುಳು ಎಂಬ ಮಾತನ್ನು ಬೇಕೆಂದೇ ಬಳಸಿದೆ. ಲಿನಕ್ಸಿನಂತೆ ಯುನಿಕ್ಸ್ ಎಂಬ ಹಿರಿಯ ಕುಟುಂಬಕ್ಕೆ ಸೇರಿದ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ನಾವು ಟೈಪ್ ಮಾಡುವ ಆಜ್ಞೆಗಳನ್ನು ಕೇಳಿಸಿಕೊಳ್ಳುವ ಹೊರಪದರಕ್ಕೆ ಶೆಲ್ ಎಂದು ಹೆಸರು. ಶೆಲ್ ಅಂದರೆ ಚಿಪ್ಪು, ಕರಟ. ಅದರೊಳಗೆ ಕೂತು ಇಡೀ ಯಂತ್ರವನ್ನು ನಡೆಸುವ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಕರ್ನೆಲ್ ಅಂದರೆ ತಿರುಳೇ.

ಫೋಟೊ ತೋರಿಸುವ ಪ್ರೋಗ್ರಾಂ ಇದೆಯಲ್ಲ, ಅದು ಡಿಸ್ಕನ್ನು ತಾನಾಗಿ ಮುಟ್ಟುವುದೇ ಇಲ್ಲ. ಮುಟ್ಟಲು ಕರ್ನೆಲ್ ಬಿಡುವುದಿಲ್ಲ. ‘ಈ ಕಡತ ಓದಿಕೊಡು’ ಎಂದು ಕೇಳಬಹುದು, ಅಷ್ಟೆ. ತಂದುಕೊಡುವ ಕೆಲಸ ಕರ್ನೆಲ್‌ನದು. ಆದರೆ ಲೋಕದಲ್ಲಿ ಡಿಸ್ಕ್ ಒಂದೇ ಬಗೆಯದೇ? ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಇದೆ. ಒಳಗೆ ಏನೂ ಅಲುಗಾಡದ, ಬರೀ ಚಿಪ್‌ಗಳಿರುವ ಎಸ್ಸೆಸ್ಡಿ ಇದೆ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಸೀಡಿ ಎಲ್ಲ ಇವೆ. ಒಂದೊಂದರ ಜೊತೆ ಮಾತಾಡುವ ಬಗೆ ಒಂದೊಂದು. ಹಾಗಾಗಿ ಪ್ರತಿ ಬಗೆಗೂ ಅದರ ಭಾಷೆ ಬಲ್ಲ ಒಂದು ಪುಟ್ಟ ಪ್ರೋಗ್ರಾಂ ಅನ್ನು ಕರ್ನೆಲ್ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಅದೇ ಡ್ರೈವರ್.

“ಡ್ರೈವರ್ ಅಂದ್ರೆ ಬಸ್ ಓಡಿಸೋರ ಥರಾನಾ?” ಎಂದಳು ಸಿಂಚನ.

“ಹಾಗೇ ಅಂದ್ಕೋ. ಸಾಗರ ಅಂತ ಟಿಕೆಟ್ ತಗೊಂಡು ಕೂತ ಮೇಲೆ ಯಾವ ತಿರುವಲ್ಲಿ ಯಾವ ಗೇರ್ ಹಾಕ್ಬೇಕು ಅಂತ ನೀನು ಯೋಚಿಸ್ತೀಯಾ?”

“ನಾನು ನಿದ್ದೆ ಮಾಡ್ತೀನಿ.”

“ಫೋಟೊ ತೋರಿಸೋ ಪ್ರೋಗ್ರಾಮೂ ಅದನ್ನೇ ಮಾಡತ್ತೆ.”

ತಮಾಷೆಗೆ ಹೇಳಿದ್ದಲ್ಲ. ಓದಲು ಕೇಳಿದ ಪ್ರೋಗ್ರಾಂ ಅನ್ನು ಕರ್ನೆಲ್ ನಿಜವಾಗಿಯೂ ಮಲಗಿಸುತ್ತದೆ, ಡಿಸ್ಕಿನಿಂದ ವಿಷಯ ಬಂದ ಮೇಲೆ ಎಬ್ಬಿಸುತ್ತದೆ. ಲಿನಕ್ಸ್ ಕರ್ನೆಲ್‌ನ ಬರಹದ ಸಾಲುಗಳನ್ನು ಎಣಿಸಿದರೆ ಅರ್ಧಕ್ಕಿಂತ ಹೆಚ್ಚು ಸಾಲುಗಳು ಇಂಥ ಡ್ರೈವರ್‌ಗಳದ್ದೇ!

ಒಂದು ಭಾಗಾಕಾರದ ಲೆಕ್ಕ

ಡ್ರೈವರ್ ಒಳಗೆ ಏನು ನಡೆಯುತ್ತದೆ? ಅದನ್ನು ನೋಡಲು ಹಳೆಯದೊಂದು ಡ್ರೈವರ್ ಒಳ್ಳೆಯದು, ಏಕೆಂದರೆ ಅದು ಚಿಕ್ಕದು.

ಯುನಿಕ್ಸ್ ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನಲ್ಲಿ, 1969ರಲ್ಲಿ. ಶುರು ಮಾಡಿದವರು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ. ಕೆಲವು ವರ್ಷಗಳ ಬಳಿಕ ಅದು ಪಿಡಿಪಿ-11 ಎಂಬ ಯಂತ್ರದ ಮೇಲೆ ಓಡುತ್ತಿತ್ತು. ಆ ಯಂತ್ರಕ್ಕೆ ಹಾಕುತ್ತಿದ್ದ ಡಿಸ್ಕ್‌ಗಳಲ್ಲಿ ಒಂದರ ಹೆಸರು ಆರ್‌ಕೆ05. ದೊಡ್ಡ ದೋಸೆಕಲ್ಲಿನಂಥ 14 ಇಂಚಿನ ಒಂದೇ ತಟ್ಟೆ. ತಟ್ಟೆಗೆ ಮೇಲೆ ಕೆಳಗೆ ಎರಡು ಮುಖ. ಒಂದೊಂದು ಮುಖದಲ್ಲಿ ಒಂದರೊಳಗೊಂದು 203 ಬಳೆಗಳು. ಒಂದೊಂದು ಬಳೆಯನ್ನು ಹೋಳಿಗೆ ಕತ್ತರಿಸಿದಂತೆ 12 ತುಂಡು ಮಾಡಿದ್ದರು. ಒಂದು ತುಂಡಿನಲ್ಲಿ 512 ಬೈಟ್ ಹಿಡಿಯುತ್ತಿತ್ತು. ಲೆಕ್ಕ ಹಾಕಿ ನೋಡಿ: 203ನ್ನು 2ರಿಂದ, ಆಮೇಲೆ 12ರಿಂದ ಗುಣಿಸಿದರೆ 4,872 ತುಂಡು. ಎಲ್ಲ ಸೇರಿ ಸುಮಾರು ಎರಡೂವರೆ ಎಂಬಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೊ ಅದರಲ್ಲಿ ಹಿಡಿಸಿದರೆ ಪುಣ್ಯ!

ಬಳೆ, ಮುಖ, ತುಂಡು ಇದ್ಯಾವುದೂ ಮೇಲಿನವರಿಗೆ ಬೇಡ. ಅವರ ಮಟ್ಟಿಗೆ ಡಿಸ್ಕ್ ಎಂದರೆ 0, 1, 2 ಎಂದು ನಂಬರು ಹಾಕಿದ ಖಾನೆಗಳ ಉದ್ದನೆಯ ಸಾಲು. ‘1000ನೇ ಖಾನೆ ಕೊಡು’ ಎನ್ನುತ್ತಾರೆ. ಆ ಖಾನೆ ತಟ್ಟೆಯಲ್ಲಿ ಎಲ್ಲಿದೆ? ಅದನ್ನು ಹೇಳುವವನು ಡ್ರೈವರ್. 1975ರ ಯುನಿಕ್ಸ್ ಆರನೇ ಆವೃತ್ತಿಯಲ್ಲಿ ಈ ಡಿಸ್ಕಿನ ಡ್ರೈವರ್ 200 ಸಾಲಿಗಿಂತ ಕಡಿಮೆ ಇತ್ತು. ಅದರ ಹೃದಯದಲ್ಲಿ ಇದ್ದದ್ದು ನೀವು ಮೂರನೇ ತರಗತಿಯಲ್ಲಿ ಕಲಿತ ಭಾಗಾಕಾರ.

ಸಿಂಚನಳ ಕೈಗೆ ಪೆನ್ಸಿಲ್ ಕೊಟ್ಟೆ. 1000ವನ್ನು 12ರಿಂದ ಭಾಗಿಸಿದಳು. ಭಾಗಲಬ್ಧ 83, ಶೇಷ 4. ಶೇಷವೇ ತುಂಡಿನ ನಂಬರು: 4. ಇನ್ನು 83ನ್ನು 2ರಿಂದ ಭಾಗಿಸಿದಳು. ಭಾಗಲಬ್ಧ 41, ಶೇಷ 1. ಅಂದರೆ 41ನೇ ಬಳೆ, 1ನೇ ಮುಖ. ಇಲ್ಲಿ ಎಣಿಕೆ ಶುರುವಾಗುವುದು ಸೊನ್ನೆಯಿಂದ ಎಂಬುದು ನೆನಪಿರಲಿ.

“ಇಷ್ಟೇನಾ?”

“ಲೆಕ್ಕ ಇಷ್ಟೇ. ಆಮೇಲೆ ಈ ಉತ್ತರಾನ ಡಿಸ್ಕಿನ ಪುಟ್ಟ ಪೆಟ್ಟಿಗೆಗಳಲ್ಲಿ ಬರೆದು, ‘ಹೊರಡು’ ಅನ್ನಬೇಕು.”

ಆ ಪುಟ್ಟ ಪೆಟ್ಟಿಗೆಗಳಿಗೆ ರಿಜಿಸ್ಟರ್ ಎನ್ನುತ್ತಾರೆ. ಎಷ್ಟು ಬೇಕು, ತಂದು ಎಲ್ಲಿ ಹಾಕಬೇಕು, ಓದಬೇಕೋ ಬರೆಯಬೇಕೋ, ಎಲ್ಲವನ್ನೂ ಅಲ್ಲಿ ತುಂಬಬೇಕು. ತುಂಬಿಸಿದ ಮೇಲೆ ಡ್ರೈವರ್ ಡಿಸ್ಕಿನ ಬಾಯಿ ನೋಡುತ್ತ ನಿಲ್ಲುವುದಿಲ್ಲ. ಅಮ್ಮ ಕುಕ್ಕರ್ ಇಟ್ಟು ತರಕಾರಿ ಹೆಚ್ಚುತ್ತಾರಲ್ಲ, ಹಾಗೆ ಕಂಪ್ಯೂಟರ್ ಬೇರೆ ಕೆಲಸಕ್ಕೆ ಹೋಗುತ್ತದೆ. ಡಿಸ್ಕ್ ತನ್ನ ಕೆಲಸ ಮುಗಿಸಿ ಸೀಟಿ ಹೊಡೆಯುತ್ತದೆ. ಈ ಸೀಟಿಗೆ ಇಂಟರಪ್ಟ್ ಎಂದು ಹೆಸರು. ಸೀಟಿ ಕೇಳಿದೊಡನೆ ಡ್ರೈವರ್ ಓಡಿ ಬಂದು, ಬಂದದ್ದನ್ನು ನೋಡಿ, ಮುಂದಿನ ಕೆಲಸ ಒಪ್ಪಿಸುತ್ತದೆ.

ಒಂದೇ ಬಾಗಿಲು

ಯುನಿಕ್ಸ್ ಮಾಡಿದವರಿಗೆ ಇನ್ನೊಂದು ಚೆಂದದ ವಿಚಾರ ಹೊಳೆದಿತ್ತು. ಕಡತವನ್ನು ತೆರೆ, ಓದು, ಬರೆ, ಮುಚ್ಚು ಎಂಬ ನಾಲ್ಕು ಮಾತು ಎಲ್ಲ ಪ್ರೋಗ್ರಾಮುಗಳಿಗೂ ಗೊತ್ತು. ಹಾಗಿದ್ದರೆ ಡಿಸ್ಕ್, ಪ್ರಿಂಟರ್, ಕೀಲಿಮಣೆಗಳನ್ನೂ ಕಡತದ ಹಾಗೆಯೇ ತೋರಿಸಿದರೆ ಆಯಿತಲ್ಲ! ಅದಕ್ಕೆಂದೇ ‘ಡೆವ್’ ಎಂಬ ಕೋಶ (ಫೋಲ್ಡರ್) ಮಾಡಿ ಸಾಧನಗಳ ಹೆಸರುಗಳನ್ನೆಲ್ಲ ಅಲ್ಲಿಟ್ಟರು. ಐವತ್ತು ವರ್ಷ ದಾಟಿದರೂ ಆ ಕೋಶ ಅಲ್ಲೇ ಇದೆ.

ನಾವಿಬ್ಬರೂ ಅದರಲ್ಲಿ ಇಣುಕಿದೆವು. ನನ್ನ ಡಿಸ್ಕಿನ ಹೆಸರು ‘ಎಸ್‌ಡಿಎ’. ವಿವರ ಕೇಳಿದರೆ ಒಂದು ಸಾಲು ಬಂತು. ಸಾಲಿನ ಮೊದಲ ಅಕ್ಷರ ‘ಬಿ’. ಬ್ಲಾಕ್‌ಗಟ್ಟಲೆ, ಅಂದರೆ ಖಾನೆಗಟ್ಟಲೆ ಕೊಟ್ಟು ತೆಗೆದುಕೊಳ್ಳುವ ಸಾಧನ ಎಂಬ ಗುರುತು. ಕಡತದ ಗಾತ್ರ ಇರಬೇಕಾದ ಜಾಗದಲ್ಲಿ ‘8, 0’ ಎಂದಿತ್ತು.

“ಇದೇನು, ಮನೆ ನಂಬರಾ?”

ಹೆಚ್ಚುಕಡಿಮೆ ಹಾಗೆಯೇ. 8 ಎಂದರೆ ಯಾವ ಡ್ರೈವರನ್ನು ಕರೆಯಬೇಕು ಎಂಬ ನಂಬರು. 0 ಎಂದರೆ ಆ ಡ್ರೈವರ್ ನೋಡಿಕೊಳ್ಳುವವುಗಳಲ್ಲಿ ಎಷ್ಟನೆಯದು ಎಂಬ ನಂಬರು. ಡಿಸ್ಕಿನ ಮೊದಲ ಭಾಗ ‘ಎಸ್‌ಡಿಎ1’, ಅದಕ್ಕೆ ‘8, 1’. ಎರಡನೆಯ ಡಿಸ್ಕ್ ‘ಎಸ್‌ಡಿಬಿ’, ಅದಕ್ಕೆ ‘8, 16’. ನಡುವೆ ಜಿಗಿದದ್ದೇಕೆ? ಒಂದೊಂದು ಡಿಸ್ಕಿಗೂ ಅದರ ಭಾಗಗಳಿಗೂ ಸೇರಿಸಿ 16 ನಂಬರು ಕಾದಿರಿಸಿದ್ದಾರೆ, ಅದಕ್ಕೆ.

ಎಲ್ಲವೂ ಓದು–ಬರೆಗಳಲ್ಲಿ ಮುಗಿಯುವುದಿಲ್ಲ ನೋಡಿ. ಸೀಡಿಯ ತಟ್ಟೆ ಹೊರಗೆ ಬಾ ಎನ್ನುವುದು ಓದೂ ಅಲ್ಲ, ಬರಹವೂ ಅಲ್ಲ. ಇಂಥ ಬಿಡಿ ಅಪ್ಪಣೆಗಳನ್ನು ಡ್ರೈವರ್‌ಗೆ ದಾಟಿಸಲು 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ‘ಐಒಸಿಟಿಎಲ್’ ಎಂಬ ಐದನೆಯ ಮಾತು ಸೇರಿತು. ಸೀಡಿ ಹೊರಗೆ ಹಾಕು, ನಿನ್ನ ಗಾತ್ರ ಎಷ್ಟು ಹೇಳು ಎಂಬುವೆಲ್ಲ ಇವತ್ತಿಗೂ ಇದೇ ದಾರಿಯಲ್ಲಿ ಹೋಗುತ್ತವೆ.

ಎಲ್ಲಕ್ಕೂ ಒಂದೇ ಬಾಗಿಲು ಇದ್ದರೆ ಸುಲಭ. ಆದರೆ ತಪ್ಪಾಗುವುದೂ ಅಷ್ಟೇ ಸುಲಭ! ಇದಕ್ಕೊಂದು ನಿಜವಾದ ಕತೆ ಇದೆ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಕಾಲೇಜು ಹುಡುಗ ತನ್ನ ಮನೆಯ ಕಂಪ್ಯೂಟರಿನಿಂದ ಟೆಲಿಫೋನ್ ತಂತಿಯ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಸಂಪರ್ಕ ಮಾಡಿಕೊಳ್ಳುವ ಪ್ರೋಗ್ರಾಂ ಬರೆದುಕೊಂಡಿದ್ದ. ಅಲ್ಲಿಂದ ಕಡತಗಳನ್ನು ಇಳಿಸಿಕೊಂಡು ಇಟ್ಟುಕೊಳ್ಳುವ ಆಸೆಯಾಯಿತು. ಇಟ್ಟುಕೊಳ್ಳಲು ಡಿಸ್ಕ್ ಬೇಕು. ಡಿಸ್ಕ್ ಮಾತು ಕೇಳಲು ಡ್ರೈವರ್ ಬೇಕು. ಡ್ರೈವರ್ ಬರೆದ. ಹೀಗೆ ಒಂದಕ್ಕೊಂದು ಸೇರುತ್ತ ಸೇರುತ್ತ ಆ ಪುಟ್ಟ ಪ್ರೋಗ್ರಾಮೇ ಲಿನಕ್ಸ್ ಆಯಿತು. ಆಗ ಅವನ ಡಿಸ್ಕಿನಲ್ಲಿ ಮಿನಿಕ್ಸ್ ಎಂಬ ಬೇರೊಂದು ವ್ಯವಸ್ಥೆಯೂ ಇತ್ತು. ಒಂದು ದಿನ ವಿಶ್ವವಿದ್ಯಾಲಯಕ್ಕೆ ಡಯಲ್ ಮಾಡಲು ಹೋಗಿ, ಕಂಪ್ಯೂಟರನ್ನು ಟೆಲಿಫೋನ್ ತಂತಿಗೆ ಜೋಡಿಸುವ ಮೋಡೆಮ್‌ನ ಹೆಸರಿನ ಬದಲು ಡಿಸ್ಕಿನ ಹೆಸರು ಕೊಟ್ಟುಬಿಟ್ಟ. ಎರಡೂ ಡೆವ್ ಕೋಶದ ಹೆಸರುಗಳೇ, ಎರಡಕ್ಕೂ ‘ಬರೆ’ ಎನ್ನಬಹುದು. ಫೋನಿಗೆ ಹೋಗಬೇಕಾದ ಅಕ್ಷರಗಳು ಡಿಸ್ಕಿನ ಮೇಲೆ ಹೋಗಿ ಕೂತವು. ಮಿನಿಕ್ಸ್ ಅಳಿಸಿಹೋಯಿತು. ಅದನ್ನು ಮತ್ತೆ ಹಾಕಿಕೊಳ್ಳುವ ಬದಲು, ಇನ್ನು ಲಿನಕ್ಸೇ ಸಾಕು ಎಂದು ಅವನು ನಿರ್ಧರಿಸಿದ.

“ಅಯ್ಯೋ ಪಾಪ” ಎಂದಳು ಸಿಂಚನ. ತನ್ನ ಹತ್ತು ಫೋಟೊ ಏನೂ ಅಲ್ಲ ಎನ್ನಿಸಿರಬೇಕು.

ಇಂಥ ತಪ್ಪು ಎಲ್ಲರಿಂದಲೂ ಆಗಬಾರದೆಂದೇ ಡಿಸ್ಕಿನ ಹೆಸರಿಗೆ ನೇರವಾಗಿ ಬರೆಯುವ ಅಧಿಕಾರ ಸಾಮಾನ್ಯ ಬಳಕೆದಾರರಿಗೆ ಇರುವುದಿಲ್ಲ. ‘ರೂಟ್’ ಎಂಬ ಯಜಮಾನನಿಗೆ ಇರುತ್ತದೆ. ನೀವು ಎಂದಾದರೂ ರೂಟ್ ಆದರೆ ಹೆಸರನ್ನು ಎರಡು ಸಲ ಓದಿ, ಆಮೇಲೆ ಎಂಟರ್ ಒತ್ತಿ.

ಬಂದವರು ಯಾರು, ಹೆಸರೇನು?

ಡ್ರೈವರ್ ಇದ್ದರೆ ಸಾಲದು. ಯಾವ ಡಿಸ್ಕ್ ಇದೆ, ಎಲ್ಲಿದೆ ಎಂದು ಅದಕ್ಕೆ ತಿಳಿಯಬೇಕು. ಲೀನಸ್‌ನ ಮೊಟ್ಟಮೊದಲ ಲಿನಕ್ಸ್‌ನಲ್ಲಿ ಇದನ್ನು ಕೈಯಾರೆ ಬರೆಯಬೇಕಿತ್ತು. ನಿಮ್ಮ ಡಿಸ್ಕಿಗೆ ಮುಖ ಎಷ್ಟು, ಬಳೆ ಎಷ್ಟು, ಒಂದು ಬಳೆಗೆ ತುಂಡು ಎಷ್ಟು ಎಂದು ಒಂದು ಕಡತದಲ್ಲಿ ತುಂಬಿಸಿ, ಇಡೀ ಕರ್ನೆಲ್ಲನ್ನು ಹೊಸದಾಗಿ ಕಟ್ಟಬೇಕಿತ್ತು. ಡಿಸ್ಕ್ ಬದಲಿಸಿದರೆ ಮತ್ತೆ ಮೊದಲಿನಿಂದ.

ಯುನಿಕ್ಸ್ ಕುಟುಂಬದ ಇನ್ನೊಂದು ಮನೆ ನೆಟ್‌ಬಿಎಸ್‌ಡಿ. ಅಲ್ಲಿ ಕರ್ನೆಲ್ ಕಟ್ಟುವಾಗ ಬರೆಯುವ ಸಾಲೊಂದು ನನಗೆ ಬಹಳ ಇಷ್ಟ: ‘ಡಬ್ಲ್ಯೂಡಿ* ಅಟ್ ಅಟಾಬಸ್? ಡ್ರೈವ್ ?’ ಮಂತ್ರದಂತೆ ಕಾಣುತ್ತದೆ, ಅರ್ಥ ಸರಳ. ಪ್ರಶ್ನೆ ಚಿಹ್ನೆ ಎಂದರೆ ‘ಎಲ್ಲಾದರೂ ಇರಲಿ’. ನಕ್ಷತ್ರ ಎಂದರೆ ‘ಎಷ್ಟಾದರೂ ಇರಲಿ’. ಈ ಬಗೆಯ ತಂತಿಸಾಲು ಎಲ್ಲೇ ಇರಲಿ, ಅದರ ಯಾವ ಜಾಗದಲ್ಲೇ ಇರಲಿ, ಸಿಕ್ಕಷ್ಟು ಡಿಸ್ಕುಗಳಿಗೆ ಡಬ್ಲ್ಯೂಡಿ0, ಡಬ್ಲ್ಯೂಡಿ1 ಎಂದು ಹೆಸರಿಡುತ್ತಾ ಹೋಗು ಎಂದು ಹೇಳಿದಂತೆ. ಮದುವೆ ಮನೆಯಲ್ಲಿ ‘ಯಾರೇ ಬರಲಿ, ಎಷ್ಟೇ ಜನ ಬರಲಿ, ಎಲೆ ಹಾಕು’ ಎನ್ನುತ್ತಾರಲ್ಲ, ಹಾಗೆ!

ಈಗಿನ ಲಿನಕ್ಸ್‌ನಲ್ಲಿ ಅಷ್ಟೂ ಬೇಡ. ಬಹಳಷ್ಟು ಡ್ರೈವರ್‌ಗಳು ಮಾಡ್ಯೂಲ್ ಎಂಬ ಬಿಡಿ ತುಣುಕುಗಳಾಗಿ ಡಿಸ್ಕಿನಲ್ಲಿ ಮಲಗಿರುತ್ತವೆ, ಬೇಕಾದಾಗ ಕರ್ನೆಲ್ ಒಳಗೆ ಬಂದು ಸೇರುತ್ತವೆ. ಸಿಂಚನ ಪೆನ್‌ಡ್ರೈವ್ ಚುಚ್ಚಿದಳು. ಚುಚ್ಚಿದ ಕೂಡಲೇ ಕರ್ನೆಲ್ ‘ಯಾರು ನೀನು?’ ಎಂದು ಕೇಳುತ್ತದೆ. ಪೆನ್‌ಡ್ರೈವ್ ತನ್ನನ್ನು ಮಾಡಿದವರ ನಂಬರು, ತನ್ನ ನಂಬರು ಹೇಳಿ, ‘ನಾನು 8ನೇ ವರ್ಗದವನು’ ಎನ್ನುತ್ತದೆ. ಯುಎಸ್‌ಬಿ ಲೋಕದಲ್ಲಿ 8ನೇ ವರ್ಗ ಎಂದರೆ ಸಂಗ್ರಹ ಸಾಧನ. (ಆಗ ನೋಡಿದ ‘8, 0’ಕ್ಕೂ ಈ 8ಕ್ಕೂ ಸಂಬಂಧವಿಲ್ಲ, ನಂಬರು ಕಾಕತಾಳೀಯವಾಗಿ ಒಂದೇ ಆಗಿದೆ.) ಕೂಡಲೇ ‘ಯುಎಸ್‌ಬಿ-ಸ್ಟೋರೇಜ್’ ಎಂಬ ಮಾಡ್ಯೂಲ್ ಎದ್ದು ಬರುತ್ತದೆ. ಅದರ ಬೆನ್ನಿಗೇ ಡಿಸ್ಕ್ ಡ್ರೈವರ್ ಬಂದು ‘ಎಸ್‌ಡಿಬಿ’ ಎಂದು ಹೆಸರಿಡುತ್ತದೆ. ಡೆವ್ ಕೋಶದಲ್ಲಿ ಹೊಸ ಬಾಗಿಲು ತೆರೆದುಕೊಳ್ಳುತ್ತದೆ. ಇಷ್ಟೆಲ್ಲ ಆಗುವುದು ನೀವು ಪೆನ್‌ಡ್ರೈವ್‌ನ ಮುಚ್ಚಳ ಎಲ್ಲಿಟ್ಟೆ ಎಂದು ಹುಡುಕುವಷ್ಟರಲ್ಲಿ.

ಇಲ್ಲೊಂದು ತೊಡಕಿದೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರು ಬಂದ ಸರದಿಯಂತೆ ಸಿಗುವುದು. ಮೊದಲು ಬಂದವರಿಗೆ 1ನೇ ನಂಬರು, ಆಮೇಲೆ ಬಂದವರಿಗೆ 2 ಎಂದು ದಿನವೂ ಹಾಜರಿ ಹಾಕಿದರೆ ಇವತ್ತಿನ 1 ನಾಳೆ 2 ಆಗಬಹುದಲ್ಲವೇ? ಹಾಗೆಯೇ ಕಂಪ್ಯೂಟರ್ ಮತ್ತೆ ಶುರುವಾದಾಗ ಡಿಸ್ಕುಗಳ ಹೆಸರು ಅದಲುಬದಲಾಗುವುದುಂಟು. ಅದಕ್ಕೇ ಒಂದೊಂದು ಭಾಗದ ಮೇಲೂ ಉದ್ದನೆಯ ಗುರುತಿನ ಸಂಖ್ಯೆಯೊಂದನ್ನು ಬರೆದಿಟ್ಟಿರುತ್ತಾರೆ. ಬಲ್ಲವರು ತಮ್ಮ ವ್ಯವಸ್ಥೆಗೆ ಆ ಸಂಖ್ಯೆ ಹೇಳುತ್ತಾರೆ, ಸರದಿಯ ಹೆಸರನ್ನು ನಂಬುವುದಿಲ್ಲ.

ಕೊನೆಗೌಡರ ಜಾಣತನ

ಎರಡನೆಯ ದಿನ ಬೆಳಿಗ್ಗೆ ಕಂಪ್ಯೂಟರ್ ಮುಟ್ಟಲಿಲ್ಲ. ತೋಟಕ್ಕೆ ಹೋದೆವು. ಕೊಯ್ಲು ಇನ್ನೂ ಮುಗಿದಿರಲಿಲ್ಲ. ಕೊನೆಗೌಡರು ಒಂದು ಮರ ಹತ್ತಿ ಕೊನೆ ಕತ್ತರಿಸಿ ಹಗ್ಗದಲ್ಲಿ ಇಳಿಸಿದರು. ಆಮೇಲೆ ಇಳಿಯಲಿಲ್ಲ. ಕೂತ ಮರವನ್ನೇ ತೂಗಿಸಿ ತೂಗಿಸಿ ಪಕ್ಕದ ಮರವನ್ನು ಹಿಡಿದು ದಾಟಿಕೊಂಡರು. ಅಲ್ಲಿಂದ ಇನ್ನೊಂದಕ್ಕೆ. ಹತ್ತಾರು ಮರ ಆದ ಮೇಲೆ ಒಂದೇ ಸಲ ನೆಲಕ್ಕೆ.

“ಅವರು ಯಾಕೆ ಇಳಿಯಲ್ಲ?” ಎಂದು ಕೇಳಿದೆ.

“ಇಳಿದು ಹತ್ತೋದೇ ಕಷ್ಟ ಅಲ್ವಾ ಮಾವ. ಕತ್ತರಿಸೋದು ಒಂದು ನಿಮಿಷದ ಕೆಲಸ.”

ತಿರುಗುವ ಡಿಸ್ಕಿನ ಕಷ್ಟವೂ ಇದೇ. ಓದುವ ಸೂಜಿ ಒಂದು ಬಳೆಯಿಂದ ಇನ್ನೊಂದು ಬಳೆಗೆ ಸರಿಯಬೇಕು. ಸರಿದ ಮೇಲೆ ಬೇಕಾದ ತುಂಡು ತಿರುಗಿ ಅದರಡಿ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲೂ ಒಂದು ಸುತ್ತಿಗೆ ಸೆಕೆಂಡಿನ 120ರಲ್ಲಿ ಒಂದು ಭಾಗ ಬೇಕು. ನಮಗೆ ಅದು ಕಣ್ಣುರೆಪ್ಪೆ ಬಡಿಯುವುದಕ್ಕಿಂತ ಕಡಿಮೆ. ಕಂಪ್ಯೂಟರಿಗೆ ಅದೊಂದು ಯುಗ. ಹಾಗಾಗಿ ಬೇಡಿಕೆಗಳು ಬಂದ ಸರದಿಯಲ್ಲೇ ಓಡಾಡಿದರೆ ಸೂಜಿಗೆ ಮರ ಹತ್ತಿ ಇಳಿಯುವುದೇ ಕೆಲಸವಾಗುತ್ತದೆ. ಕರ್ನೆಲ್ ಏನು ಮಾಡುತ್ತದೆ ಎಂದರೆ, ಬೇಡಿಕೆಗಳನ್ನು ಒಂದಿಷ್ಟು ಗುಡ್ಡೆ ಹಾಕಿಕೊಂಡು, ಅಕ್ಕಪಕ್ಕದವನ್ನು ಒಂದುಗೂಡಿಸಿ, ಒಂದು ದಿಕ್ಕಿನಲ್ಲಿ ಹೋಗುತ್ತ ಮುಗಿಸುತ್ತದೆ. ಈ ಸರದಿ ಹಾಕುವವರಿಗೆ ಷೆಡ್ಯೂಲರ್ ಎನ್ನುತ್ತಾರೆ.

ಇದರಲ್ಲೂ ಒಂದು ಅನ್ಯಾಯ ಆಗಬಹುದು. ತೋಟದ ಮೂಲೆಯಲ್ಲಿ ಒಂಟಿ ಮರ ಇದ್ದರೆ? ಹತ್ತಿರದ್ದೇ ಸಿಗುತ್ತ ಹೋದರೆ ಕೊನೆಗೌಡರು ಅಲ್ಲಿಗೆ ಹೋಗುವುದೇ ಇಲ್ಲ! ಲಿನಕ್ಸ್‌ನ ‘ಎಂಕ್ಯೂ-ಡೆಡ್‌ಲೈನ್’ ಎಂಬ ಷೆಡ್ಯೂಲರ್ ಇದಕ್ಕೊಂದು ಗಡುವು ಇಟ್ಟುಕೊಂಡಿದೆ. ಓದುವ ಬೇಡಿಕೆಗೆ ಅರ್ಧ ಸೆಕೆಂಡು, ಬರೆಯುವ ಬೇಡಿಕೆಗೆ 5 ಸೆಕೆಂಡು. ಗಡುವು ಮೀರಿದ್ದನ್ನು ದಾರಿ ಬಿಟ್ಟಾದರೂ ಹೋಗಿ ಮುಗಿಸಲು ನೋಡುತ್ತದೆ. ಓದಿಗೆ ಅಷ್ಟು ಅವಸರ ಏಕೆ? ಓದಿಗಾಗಿ ಪ್ರೋಗ್ರಾಂ ಒಂದು ಕಾದು ಕೂತಿರುತ್ತದೆ. ಬರಹವನ್ನೋ, ಕೊಟ್ಟವರು ಆಗಲೇ ಹೋಗಿಯಾಗಿರುತ್ತದೆ.

ಮಧ್ಯಾಹ್ನ ಬಂದು ಈ ಷೆಡ್ಯೂಲರ್ ಎಲ್ಲಿದೆ ಎಂದು ಹುಡುಕಿದೆವು. ಡ್ರೈವರ್‌ಗಳ ಕಿವಿ ಹಿಂಡುವ ತಿರುಪುಗಳೂ ಲಿನಕ್ಸ್‌ನಲ್ಲಿ ಕಡತಗಳೇ. ‘ಸಿಸ್’ ಎಂಬ ಕೋಶದಲ್ಲಿ ಡಿಸ್ಕಿನ ಹೆಸರಿನ ಒಳಗೆ ‘ಕ್ಯೂ’ ಎಂಬ ಕೋಶ, ಅದರೊಳಗೆ ‘ಷೆಡ್ಯೂಲರ್’ ಎಂಬ ಕಡತ. ತೆರೆದರೆ ಒಂದೇ ಸಾಲು: ‘ನನ್ [ಎಂಕ್ಯೂ-ಡೆಡ್‌ಲೈನ್]’. ಚೌಕ ಕಂಸದಲ್ಲಿ ಇರುವುದೇ ಈಗ ಕೆಲಸದಲ್ಲಿರುವುದು. ರೂಟ್ ಆಗಿ ಆ ಕಡತಕ್ಕೆ ‘ನನ್’ ಎಂದು ಬರೆದೆ. ಮತ್ತೆ ಓದಿದಾಗ ಕಂಸ ಜಾಗ ಬದಲಿಸಿತ್ತು. ಕಂಪ್ಯೂಟರ್ ನಿಲ್ಲಿಸಲಿಲ್ಲ, ಕರ್ನೆಲ್ ಹೊಸದಾಗಿ ಕಟ್ಟಲಿಲ್ಲ. ಒಂದು ಪದ ಬರೆದದ್ದು, ಅಷ್ಟೇ!

“ನನ್ ಅಂದ್ರೆ ಯಾರೂ ಇಲ್ಲ ಅಂತಲ್ವಾ? ಹಾಗಾದ್ರೆ ಸರದಿ ಹಾಕೋರೇ ಇಲ್ವಾ?”

ಒಳ್ಳೆಯ ಪ್ರಶ್ನೆ. ಅಡಿಕೆ ಎಲ್ಲ ಆಗಲೇ ಅಂಗಳದಲ್ಲಿ ಹರಡಿದ್ದರೆ ಮರದ ಸರದಿ ಯಾಕೆ ಬೇಕು? ಎಸ್ಸೆಸ್ಡಿಯಲ್ಲಿ ಸೂಜಿಯೂ ಇಲ್ಲ, ತಿರುಗುವ ತಟ್ಟೆಯೂ ಇಲ್ಲ. ಯಾವ ಖಾನೆ ಕೇಳಿದರೂ ಸುಮಾರು ಒಂದೇ ಹೊತ್ತಿನಲ್ಲಿ ಸಿಗುತ್ತದೆ. ಎನ್‌ವಿಎಂಇ ಎಂಬ ಹೊಸ ಬಗೆಯ ವೇಗದ ಎಸ್ಸೆಸ್ಡಿಗಳಿಗೆ ಲಿನಕ್ಸ್ ತಾನಾಗಿ ‘ನನ್’ ಎಂದೇ ಇಡುತ್ತದೆ. ಸರದಿ ಹಾಕುತ್ತ ಕೂತರೆ ಅದೇ ತಡ. ನನ್ನದು ತಿರುಗುವ ಡಿಸ್ಕ್, ಆದ್ದರಿಂದ ಹಳೆಯದನ್ನೇ ಮತ್ತೆ ಬರೆದಿಟ್ಟೆ.

ಅದೇ ಕೋಶದಲ್ಲಿ ‘ರೊಟೇಷನಲ್’ ಎಂಬ ಇನ್ನೊಂದು ಕಡತವಿದೆ. ಒಳಗೆ ಒಂದೇ ಅಂಕಿ. ತಿರುಗುವ ಡಿಸ್ಕಾದರೆ 1, ಅಲ್ಲವಾದರೆ 0. ಸಿಂಚನ ತನ್ನ ಪೆನ್‌ಡ್ರೈವ್‌ನದ್ದನ್ನು ನೋಡಿದಳು. 1 ಎಂದಿತ್ತು! ಪೆನ್‌ಡ್ರೈವ್ ಎಲ್ಲಿ ತಿರುಗುತ್ತದೆ? ಎಷ್ಟೋ ಪೆನ್‌ಡ್ರೈವ್‌ಗಳು ‘ನಾನು ತಿರುಗುವುದಿಲ್ಲ’ ಎಂದು ಹೇಳುವುದೇ ಇಲ್ಲ. ಹೇಳದಿದ್ದರೆ ತಿರುಗುತ್ತದೆ ಎಂದೇ ಕರ್ನೆಲ್ ಲೆಕ್ಕ ಹಿಡಿಯುತ್ತದೆ. “ನೋಡು, ಸುಳ್ಳು!” ಎಂದು ಕೂಗಿದಳು. “ಗೊತ್ತಿಲ್ಲದ್ದನ್ನ ಊಹಿಸಿದೆ” ಎಂದೆ. ಅವಳು ಒಪ್ಪಲಿಲ್ಲ.

ಮಾತು ಕೊಟ್ಟಿತ್ತು

ಇಷ್ಟಾದ ಮೇಲೆ ದೊಡ್ಡ ಆರೋಪಕ್ಕೆ ಬಂದೆವು. ‘ಕಾಪಿ ಆಯ್ತು’ ಎಂದದ್ದು ಸುಳ್ಳೋ ನಿಜವೋ?

ಕೊನೆಗೌಡರು ಒಂದೊಂದು ಕೊನೆಗೂ ಇಳಿಯುವುದಿಲ್ಲ. ಕರ್ನೆಲ್ಲೂ ಹಾಗೆಯೇ. ಬರೆಯಲು ಕೊಟ್ಟದ್ದನ್ನು ಅದು ಕೂಡಲೇ ಡಿಸ್ಕಿಗೆ ಒಯ್ಯುವುದಿಲ್ಲ. ಮೊದಲು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು, ‘ಸಿಕ್ಕಿತು, ನೀನು ಹೋಗು’ ಎನ್ನುತ್ತದೆ. ಪ್ರೋಗ್ರಾಂ ಖುಷಿಯಾಗಿ ಪಟ್ಟಿ ತುಂಬಿಸಿ ತೋರಿಸುತ್ತದೆ. ಹೀಗೆ ಮೆಮೊರಿಯಲ್ಲಿ ಇದ್ದು ಡಿಸ್ಕಿಗೆ ಇನ್ನೂ ಹೋಗದ ಪುಟಗಳಿಗೆ, ಅಂದರೆ ವಿಷಯದ ತುಂಡುಗಳಿಗೆ, ಕರ್ನೆಲ್ ಬರೆಯುವವರು ಇಟ್ಟ ಹೆಸರು ‘ಡರ್ಟಿ’, ಕೊಳೆ ಪುಟಗಳು. ತೊಳೆಯಲು ಕಾದಿರುವ ಪಾತ್ರೆಗಳಿದ್ದ ಹಾಗೆ. ಸಾಮಾನ್ಯವಾಗಿ ಲಿನಕ್ಸ್‌ನಲ್ಲಿ ಪಾತ್ರೆ ತೊಳೆಯುವವರು 5 ಸೆಕೆಂಡಿಗೊಮ್ಮೆ ಎದ್ದು ನೋಡುತ್ತಾರೆ. 30 ಸೆಕೆಂಡಿಗಿಂತ ಹಳೆಯ ಕೊಳೆ ಇದ್ದರೆ ತೊಳೆಯಲು ಶುರು ಮಾಡುತ್ತಾರೆ. ಈ 5 ಮತ್ತು 30 ಕೂಡ ಕಡತದಲ್ಲಿ ಬರೆದಿಟ್ಟ ಅಂಕಿಗಳೇ, ಬೇಕಾದರೆ ಬದಲಿಸಬಹುದು. ಅದರ ಮೇಲೆ ಪೆನ್‌ಡ್ರೈವ್ ಬರೆಯುವುದೂ ನಿಧಾನ. ಸಿಂಚನಳೋ ಬಸ್ಸಿಗೆ ಓಡಿದ್ದಳು.

“ಮತ್ತೆ ‘ಆಯ್ತು’ ಅಂತ ಯಾಕೆ ಹೇಳ್ಬೇಕಿತ್ತು?”

“ಅದು ಮಾತು ಕೊಟ್ಟಿತ್ತು ಕಣೇ. ಉಳಿಸ್ಕೊಳ್ಳೋಕೆ ನೀನು ಹೊತ್ತು ಕೊಡ್ಲಿಲ್ಲ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ತೋರ್ಸು” ಎಂದಳು. ಇದು ವಿಜ್ಞಾನದ ಒಳ್ಳೆಯ ಅಭ್ಯಾಸ. ಮಾವನೇ ಹೇಳಲಿ, ಕಣ್ಣಾರೆ ಕಾಣುವವರೆಗೆ ನಂಬಬಾರದು.

ತೋರಿಸಲು ಸಾಧ್ಯವಿತ್ತು. ‘ಪ್ರೋಕ್’ ಕೋಶದ ‘ಮೆಮ್‌ಇನ್ಫೊ’ ಕಡತದಲ್ಲಿ ‘ಡರ್ಟಿ’ ಎಂಬ ಸಾಲೇ ಇದೆ. ಈ ಕ್ಷಣದಲ್ಲಿ ಎಷ್ಟು ಕೆಬಿ ಕೊಳೆ ಉಳಿದಿದೆ ಎಂದು ಅದು ಹೇಳುತ್ತದೆ. ಸೆಕೆಂಡಿಗೊಮ್ಮೆ ಆ ಸಾಲನ್ನು ತೋರಿಸುತ್ತಿರು ಎಂದು ಒಂದು ಕಿಟಕಿಯಲ್ಲಿ ಹೇಳಿಟ್ಟು, ಇನ್ನೊಂದರಲ್ಲಿ ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿದೆವು. ಹಸಿರು ಪಟ್ಟಿ ತುಂಬಿತು, ಮಾಯವಾಯಿತು. ಡರ್ಟಿಯ ಸಾಲಿನಲ್ಲಿ ಮಾತ್ರ ಸಾವಿರಾರು ಕೆಬಿ ಹಾಗೆಯೇ ಕೂತಿತ್ತು. ಪೆನ್‌ಡ್ರೈವ್‌ನ ದೀಪ ಮಿಣಮಿಣ ಎನ್ನುತ್ತಿತ್ತು.

“ಈಗ ಕಿತ್ರೆ ಕಾಲು ಹೋಗತ್ತೆ ಅಲ್ವಾ” ಎಂದಳು ಮೆಲ್ಲಗೆ.

‘ಸಿಂಕ್’ ಎಂದು ಟೈಪ್ ಮಾಡಿಸಿದೆ. ಇದೂ ಯುನಿಕ್ಸ್‌ನ ಹಳೆಯ ಆಜ್ಞೆ, ಅರ್ಥ ‘ಇರುವ ಪಾತ್ರೆಯನ್ನೆಲ್ಲ ಈಗಲೇ ತೊಳೆ’. ಅಂಕಿ ಇಳಿಯತೊಡಗಿತು. ಸಾವಿರ ನೂರಾಯಿತು, ನೂರು ಹತ್ತಾರಾಯಿತು. ಸೊನ್ನೆ ಮಾತ್ರ ಆಗಲಿಲ್ಲ. ಕಂಪ್ಯೂಟರ್ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತಿರುತ್ತದೆ, ಆ ಉಳಿಕೆ ಅದರದ್ದು. ಸಿಂಕ್ ಮುಗಿದು ಶೆಲ್ ಮತ್ತೆ ‘ಏನಪ್ಪಣೆ’ ಎಂಬಂತೆ ಕಾದು ನಿಂತಿತು. ಆಮೇಲೆ ಪರದೆಯ ಮೇಲೆ ಪೆನ್‌ಡ್ರೈವ್ ಪಕ್ಕದಲ್ಲಿದ್ದ, ಸುರಕ್ಷಿತವಾಗಿ ಹೊರತೆಗೆಯುವ ಗುಂಡಿ ಒತ್ತಿದೆವು. ನೀವು ಸಿಂಕ್ ಟೈಪ್ ಮಾಡಬೇಕಾಗಿಲ್ಲ, ಈ ಗುಂಡಿ ಒತ್ತಿದರೆ ಸಾಕು. ಬಾಕಿ ಇದ್ದುದನ್ನೆಲ್ಲ ಬರೆದು ಮುಗಿಸಿದ ಮೇಲೆಯೇ ಅದು ‘ಇನ್ನು ತೆಗೆಯಬಹುದು’ ಎನ್ನುತ್ತದೆ.

ದೀಪ ನಿಂತಿತು. ಸಿಂಚನ ಪೆನ್‌ಡ್ರೈವ್ ಹಿಡಿದುಕೊಂಡು ಮನಸ್ಸಿನಲ್ಲೇ ಹತ್ತು ಎಣಿಸಿದಳು. ಆಮೇಲೆ ತೆಗೆದಳು. ಬಸ್ಸಿಗೆ ಹೊರಡಲು ಇನ್ನೂ ಅರ್ಧ ಗಂಟೆ ಇತ್ತು.

ಮರುದಿನ ಸಂಜೆ ಫೋನು ಬಂತು.

“ಮಾವ, ಕೊನೆಗೌಡರಿಗೆ ಕಾಲು ಬಂದಿದೆ!”